ತಪ್ಪು ಬೆರಳಿನದಲ್ಲ ಮಾರಾಯ್ರೆ, ತಂತಿಯದು!

ಬೇಸ್ ಗಿಟಾರ್ ಕಲಿಯಲು ಹೊರಟು ಆರು ತಿಂಗಳಲ್ಲಿ ಕೈಬಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆದರೆ ಕೈಬಿಟ್ಟವರನ್ನು ಕೇಳಿ ನೋಡಿ, ಉತ್ತರ ಹೆಚ್ಚುಕಮ್ಮಿ ಒಂದೇ: "ನನ್ನ ಬೆರಳು ಗಿಡ್ಡ, ನನಗೆ ಅದು ಆಗಿಬರಲಿಲ್ಲ." ಆಮೇಲೆ ಆ ವಾದ್ಯ ಚೀಲದ ಸಮೇತ ಮಾಳಿಗೆ ಸೇರುತ್ತದೆ, ಹಳೆಯ ಸೂಟ್‌ಕೇಸು, ಮುರಿದ ಟೇಬಲ್ ಫ್ಯಾನುಗಳ ಪಕ್ಕದಲ್ಲಿ.

ನನ್ನ ಅಭಿಪ್ರಾಯ ಬೇರೆ. ಬೆರಳನ್ನು ದೂರುವ ಮೊದಲು ತಂತಿಯನ್ನು ನೋಡಿ, ಕತ್ತನ್ನು ನೋಡಿ, ಕುದುರೆಯನ್ನು ನೋಡಿ. ಹತ್ತರಲ್ಲಿ ಏಳೆಂಟು ಸಲ ತಪ್ಪು ಅಲ್ಲಿರುತ್ತದೆ. ಅದನ್ನು ಸರಿಮಾಡುವುದು ರಾಕೆಟ್ ವಿಜ್ಞಾನವೇನೂ ಅಲ್ಲ, ಒಂದು ಭಾನುವಾರ ಮಧ್ಯಾಹ್ನದ ಕೆಲಸ. ಅದನ್ನು ಅಂಗಡಿಯವನಿಗೆ ಬಿಡದೆ ನುಡಿಸುವವನೇ ಕಲಿಯಬೇಕು ಎನ್ನುವುದು ನನ್ನ ವಾದ. ಅದರಲ್ಲೂ ಶಾರ್ಟ್ ಸ್ಕೇಲ್ ಬೇಸ್ ಇಟ್ಟುಕೊಂಡವರು ಕಲಿಯಲೇಬೇಕು. ಯಾಕೆ ಅಂತ ಹೇಳುತ್ತೇನೆ.

ಮೊದಲು ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೇಸ್ ಗಿಟಾರಿನಲ್ಲಿ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಹಾಡು ಕೇಳುವಾಗ ಬೇಸ್ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ತೆಗೆದುಬಿಟ್ಟರೆ ಮಾತ್ರ ಹಾಡು ಬುಡವಿಲ್ಲದ ಹಾಗೆ ತೇಲುತ್ತದೆ. ಆರ್.ಡಿ. ಬರ್ಮನ್ ಹಾಡುಗಳಲ್ಲಿ ಟೋನಿ ವಾಜ್ ನುಡಿಸಿದ ಬೇಸನ್ನು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ನಾನು ಹೇಳುವುದು ಅರ್ಥವಾಗುತ್ತದೆ.

ಇನ್ನು ಸ್ಕೇಲ್. ತಲೆಯ ಬಳಿ ತಂತಿ ಕೂರುವ ನಟ್ ಎಂಬ ಪಟ್ಟಿಯಿಂದ ಕೆಳಗಿನ ಕುದುರೆಯ ತನಕ (ಬ್ರಿಜ್ ಅನ್ನುತ್ತಾರೆ, ನಮ್ಮ ತಂಬೂರಿಯವರಿಗೆ ಕುದುರೆ) ತಂತಿ ಮಿಡಿಯುವ ಉದ್ದವೇ ಸ್ಕೇಲ್. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಈ ಉದ್ದವನ್ನು 34 ಇಂಚು ಇಟ್ಟಿತು. ಅದೇ ಜಗತ್ತಿನ ವಾಡಿಕೆಯಾಯಿತು. 30 ಇಂಚಿನ ಆಸುಪಾಸಿನದು ಶಾರ್ಟ್ ಸ್ಕೇಲ್. ನಡುವೆ 32 ಇಂಚಿನ ಮೀಡಿಯಂ ಕೂಡ ಉಂಟು.

"ಶಾರ್ಟ್ ಸ್ಕೇಲಾ? ಅದು ಮಕ್ಕಳ ಆಟಿಕೆ" ಅನ್ನುವ ಪಂಡಿತರು ಎಲ್ಲ ಊರಲ್ಲೂ ಸಿಗುತ್ತಾರೆ. ಅವರಿಗೆ ಚರಿತ್ರೆಯನ್ನು ಸ್ವಲ್ಪ ನೆನಪಿಸಬೇಕು. ಗಿಬ್ಸನ್ ಕಂಪನಿ 1953ರಲ್ಲಿ ತಂದ ಅದರ ಮೊದಲ ಎಲೆಕ್ಟ್ರಿಕ್ ಬೇಸ್ 30.5 ಇಂಚಿನದು. ಜರ್ಮನಿಯ ಹಾಫ್ನರ್ ಕಂಪನಿ 1956ರಲ್ಲಿ ಪಿಟೀಲಿನ ಆಕಾರದ 500/1 ಮಾದರಿ ತಂದಿತು, ಅದು 30 ಇಂಚು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಅದನ್ನೇ. 1972ರಲ್ಲಿ ಕಳವಾದ ಆ ವಾದ್ಯ ಮತ್ತೆ ಅವರ ಕೈ ಸೇರಿದ ಸುದ್ದಿ 2024ರಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಕ್ರೀಮ್ ತಂಡದ ಜಾಕ್ ಬ್ರೂಸ್ ಕೈಯಲ್ಲಿದ್ದದ್ದು ಗಿಬ್ಸನ್ನಿನ ಇಬಿ-3, ಅದೂ ಗಿಡ್ಡ. ಫೆಂಡರ್ ಕೂಡ ಕಡೆಗೆ 1966ರಲ್ಲಿ ಮಸ್ಟಾಂಗ್ ಹೆಸರಿನಲ್ಲಿ 30 ಇಂಚಿಗೇ ಇಳಿಯಿತು. ಇವೆಲ್ಲ ಆಟಿಕೆಗಳಾದರೆ ನಮಗೂ ಅಂಥ ಆಟಿಕೆಗಳೇ ಸಾಕು, ಏನಂತೀರಿ?

ಗಿಡ್ಡದರಿಂದ ಲಾಭ ಎಷ್ಟು ಅಂತ ಲೆಕ್ಕ ಹಾಕೋಣ. ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ಗೆ (ಫ್ರೆಟ್ ಅಂದರೆ ವೀಣೆಯ ಮೆಟ್ಟಿಲು ಅಂತಿಟ್ಟುಕೊಳ್ಳಿ) 34 ಇಂಚಿನ ವಾದ್ಯದಲ್ಲಿ ಸುಮಾರು 130 ಮಿಲಿಮೀಟರ್. 30 ಇಂಚಿನದರಲ್ಲಿ ಸುಮಾರು 114. ಹದಿನೈದು ಹದಿನಾರು ಮಿಲಿಮೀಟರ್ ಏನು ಮಹಾ ಅನ್ನಬೇಡಿ. ತೋರುಬೆರಳಿನಿಂದ ಕಿರುಬೆರಳಿಗೆ ಅಷ್ಟು ಹೆಚ್ಚು ಚಾಚಿ ಅರ್ಧ ಗಂಟೆ ನುಡಿಸಿ ನೋಡಿ, ಮಣಿಕಟ್ಟೇ ಹೇಳುತ್ತದೆ. ಐವತ್ತು ದಾಟಿದ ಕೈಗಂತೂ ಆ ಹದಿನಾರು ಮಿಲಿಮೀಟರ್ ಅಂದರೆ ನುಡಿಸುವುದಕ್ಕೂ ಬಿಡುವುದಕ್ಕೂ ನಡುವಿನ ಅಂತರ. ಲೋಕಲ್ ಟ್ರೇನಿನ ಬಾಗಿಲಲ್ಲಿ ಹಿಡಿದುಕೊಂಡು ನಿಲ್ಲುವ ಮುಂಬಯಿಯವರಿಗೆ ನಾಲ್ಕು ಇಂಚು ಕಡಿಮೆಯಾದರೆ ಎಷ್ಟು ಪುಣ್ಯ ಅಂತ ಬೇರೆ ಹೇಳಬೇಕಿಲ್ಲ.

ಆದರೆ ಪುಕ್ಕಟೆ ಲಾಭ ಯಾವ ಖಾತೆಯಲ್ಲೂ ಇಲ್ಲ. ಉದ್ದ ಕಡಿಮೆಯಾದರೆ ಬಿಗಿತವೂ ಕಡಿಮೆಯಾಗಬೇಕು. ಅದೇ ದಪ್ಪದ ತಂತಿಯನ್ನು ಅದೇ ಸ್ವರಕ್ಕೆ ಕೂಡಿಸುವಾಗ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ನಾನು ಬಿ.ಕಾಂ. ಓದಿದವನು, ಭೌತಶಾಸ್ತ್ರದ ಗಂಧವಿಲ್ಲ, ಆದರೆ ಗುಣಾಕಾರ ಬರುತ್ತದೆ. 30ರ ವರ್ಗ 900, 34ರ ವರ್ಗ 1156. ಅಂದರೆ ನೂರು ಇದ್ದ ಬಿಗಿತ 78ಕ್ಕೆ ಇಳಿಯಿತು. ತಂತಿ ಸಡಿಲ. ಸಡಿಲವಾದ ತಂತಿ ಅಗಲವಾಗಿ ಬೀಸುತ್ತದೆ, ಬೀಸಿದಾಗ ಫ್ರೆಟ್‌ಗೆ ತಾಗಿ ಕರಕರ ಅನ್ನುತ್ತದೆ. ಬೆರಳು ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಸ್ವರ ಮೇಲಕ್ಕೆ ಜಾರುತ್ತದೆ. ಶಾರ್ಟ್ ಸ್ಕೇಲಿನ ಬಗ್ಗೆ ಜನ ಹೇಳುವ ದೂರುಗಳೆಲ್ಲ, ಅಂದರೆ ಇ ತಂತಿ ಬೊದಬೊದ ಅನ್ನುತ್ತದೆ, ಕರಕರ ಅನ್ನುತ್ತದೆ, ಶ್ರುತಿ ನಿಲ್ಲುವುದಿಲ್ಲ ಅನ್ನುವುದೆಲ್ಲ, ಈ 78ರಿಂದ ಹುಟ್ಟಿದವು. ಇವಕ್ಕೆ ಮದ್ದು ಇದೆ. ಮದ್ದು ಹಾಕದೆ ವಾದ್ಯವನ್ನೇ ಬೈಯುವುದು ಯಾವ ನ್ಯಾಯ?

ಇಲ್ಲೊಂದು ಉದಾಹರಣೆ. ನಮ್ಮ ಸೊಸೈಟಿಯ ಪಕ್ಕದ ವಿಂಗಿನಲ್ಲಿ ಕುಂದಾಪುರದ ಕಡೆಯವರೊಬ್ಬರ ಮನೆ. ಮಗಳು ಹನ್ನೊಂದನೆಯ ತರಗತಿ. ಕೈ ಚಿಕ್ಕದು ಅಂತಲೇ ಆಲೋಚಿಸಿ ಶಾರ್ಟ್ ಸ್ಕೇಲ್ ಬೇಸ್ ಕೊಂಡಿದ್ದಳು. ವರ್ಷದೊಳಗೆ ತಂತಿ ತುಕ್ಕು ಹಿಡಿಯಿತು, ಹತ್ತಿರದ ಅಂಗಡಿಯಲ್ಲಿ ಬದಲಿಸಿ ಕೊಟ್ಟರು. ಯಾವ ಅಂಗಡಿ ಅನ್ನುವುದು ಬೇಡ. ಹಾಕಿದ್ದು 34 ಇಂಚಿನ ವಾದ್ಯದ ತಂತಿ. "ಎಲ್ಲಾ ಒಂದೇ ಬೇಟಾ" ಅಂದರಂತೆ. ಕ್ಲಾಸಿನಲ್ಲಿ ಮೇಷ್ಟ್ರು "ನಿನ್ನ ಬೆರಳಿಗೆ ಶಕ್ತಿ ಸಾಲದು" ಅಂದರು. ಅವಳ ಅಮ್ಮ ನನ್ನ ಹತ್ತಿರ, "ನೀವೂ ಅದನ್ನೇ ಬಾರಿಸ್ತೀರಂತಲ್ಲ ಮಾರಾಯ್ರೆ, ಒಮ್ಮೆ ನೋಡಿ. ಇಲ್ಲದಿದ್ದರೆ ಮಾರಿಬಿಡುವ, ಓದಿಗಾದರೂ ಸಮಯ ಸಿಕ್ಕೀತು" ಅಂದರು.

ನೋಡಿದೆ. ಹನ್ನೆರಡನೆಯ ಫ್ರೆಟ್ ಮೇಲೆ ಇ ತಂತಿ ನಾಲ್ಕೂವರೆ ಮಿಲಿಮೀಟರ್ ಎತ್ತರದಲ್ಲಿತ್ತು. ಕತ್ತು ಬಿಲ್ಲಿನ ಹಾಗೆ ಮುಂದಕ್ಕೆ ಬಾಗಿತ್ತು. ಇ ತಂತಿಯ ದಪ್ಪ ಭಾಗವೇ ಗೂಟಕ್ಕೆ ಸುತ್ತಿಕೊಂಡು ಸುರುಳಿ ಬಿಚ್ಚಿಕೊಂಡಿತ್ತು. ಈ ವಾದ್ಯವನ್ನು ಪೈಲ್ವಾನನ ಕೈಗೆ ಕೊಟ್ಟರೂ ಅವನಿಗೆ ಬೆರಳಿನ ಶಕ್ತಿ ಸಾಲುತ್ತಿರಲಿಲ್ಲ! ಸರಿಯಾದ ತಂತಿ ತರಿಸಿ, ಅವಳ ಕೈಯಿಂದಲೇ ಎಲ್ಲ ಮಾಡಿಸಿದೆ. ಎತ್ತರ 2.4ಕ್ಕೆ ಇಳಿಯಿತು. ನುಡಿಸಿ ನೋಡಿ, "ಅಂಕಲ್, ಇದು ನನ್ನದೇ ಗಿಟಾರಾ?" ಅಂದಳು. ಒಂದು ವರ್ಷ ಆ ಮಗು ತನ್ನ ಕೈಯನ್ನೇ ಶಪಿಸಿಕೊಂಡಿತ್ತಲ್ಲ ಅಂತ ನನಗೆ ಬೇಸರವಾಯಿತು. ಇಂಥವರು ಇನ್ನೆಷ್ಟು ಜನರೋ!

ಅದಕ್ಕೇ ಮಾಡುವ ಕ್ರಮವನ್ನು ವಿವರವಾಗಿ ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವಾಗ ಆರಂಭದ ಶಿಲ್ಕು ಸರಿಯಿಲ್ಲದೆ ಕೆಳಗಿನ ಸಾಲುಗಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಇಲ್ಲೂ ಹಾಗೇ. ಮೊದಲು ತಂತಿ, ಆಮೇಲೆ ಕತ್ತು, ಆಮೇಲೆ ಎತ್ತರ, ಕೊನೆಗೆ ಸ್ವರಶುದ್ಧಿ. ಈ ಅನುಕ್ರಮ ತಪ್ಪಿದರೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕು.

ತಂತಿ ಕೊಳ್ಳುವಾಗ ಪೊಟ್ಟಣದ ಮೇಲೆ 'ಶಾರ್ಟ್ ಸ್ಕೇಲ್' ಅಂತ ಇರಬೇಕು. ಅಷ್ಟೇ ಸಾಲದು. ಟೇಪು ತೆಗೆದುಕೊಂಡು ತಂತಿಯ ಗುಂಡು ಸಿಕ್ಕಿಸುವ ಜಾಗದಿಂದ ನಟ್ ತನಕ ಅಳೆಯಿರಿ. ಹಾಫ್ನರ್ ಮಾದರಿಯ ವಾದ್ಯಗಳಲ್ಲಿ ಕುದುರೆಯ ಹಿಂದೆ ಬಾಲದಂಥ ಪಟ್ಟಿ ಇರುತ್ತದೆ, ತಂತಿ ಅಲ್ಲಿಂದ ಹೊರಡುತ್ತದೆ. ಮಸ್ಟಾಂಗ್‌ನಂಥವುಗಳಲ್ಲಿ ಮೈಯ ಹಿಂಬದಿಯಿಂದ ತೂರಿ ಬರುತ್ತದೆ. ಸ್ಕೇಲ್ 30 ಇಂಚೇ ಆದರೂ ಬೇಕಾದ ಉದ್ದ ಬೇರೆಬೇರೆ. ತಂತಿಯ ತುದಿಗಳಲ್ಲಿ ಹಲವು ಕಂಪನಿಗಳು ಬಣ್ಣದ ನೂಲು ಸುತ್ತಿರುತ್ತವೆ. ಮೇಲ್ತುದಿಯ ನೂಲು ನಟ್ ದಾಟಿದ ಮೇಲೆ ಶುರುವಾಗಬೇಕು, ಕೆಳತುದಿಯ ನೂಲು ಕುದುರೆಗೆ ಮೊದಲೇ ಮುಗಿಯಬೇಕು. ನೂಲು ನಡುವೆ ಬಂದರೆ ನಾದ ಸತ್ತಂತೆ.

ದಪ್ಪದ ವಿಷಯ. ಬಿಗಿತ 78ಕ್ಕೆ ಇಳಿಯಿತು ಅಂದೆನಲ್ಲ, ಅದನ್ನು ಮೇಲೆತ್ತಲು ಒಂದು ಮದ್ದು ಸ್ವಲ್ಪ ದಪ್ಪ ತಂತಿ. ಇನ್ನೊಂದು ಫ್ಲಾಟ್ ವೂಂಡ್. ಅಂದರೆ ಹೊರಗಿನ ಸುತ್ತು ದುಂಡಾಗಿರದೆ ಪಟ್ಟಿಯಂತೆ ನುಣುಪಾಗಿರುವ ತಂತಿ. ಅದು ಸಾಮಾನ್ಯವಾಗಿ ಹೆಚ್ಚು ಬಿಗಿ, ಬೆರಳಿಗೆ ಮೆದು, ನಾದ ಗುಂಡಗೆ, ಹಳೆಯ ಸಿನಿಮಾ ಹಾಡಿನ ಹಾಗೆ. ಶಾರ್ಟ್ ಸ್ಕೇಲಿಗೂ ಫ್ಲಾಟ್ ವೂಂಡಿಗೂ ಬೆಲ್ಲ ಶೇಂಗಾದ ಜೋಡಿ ಎನ್ನುವುದು ನನ್ನ ಸ್ವಂತ ಪಕ್ಷಪಾತ. ಝಣಝಣ ಬೇಕು ಅನ್ನುವವರು ರೌಂಡ್ ವೂಂಡ್ ಹಾಕಲಿ, ಜಗಳವಿಲ್ಲ.

ಬದಲಿಸುವಾಗ ಒಂದೊಂದೇ ತಂತಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ತೆಗೆದರೆ ವಾದ್ಯ ಒಡೆದುಹೋಗುವುದಿಲ್ಲ ನಿಜ, ಆದರೆ ಕತ್ತಿನ ಮೇಲಿನ ಎಳೆತ ಒಮ್ಮೆಗೇ ಇಲ್ಲವಾಗಿ ಮತ್ತೆ ಕುದುರಲು ಸಮಯ ಬೇಕು. ಹಾಫ್ನರ್ ಥರದವುಗಳಲ್ಲಂತೂ ಕುದುರೆ ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲಿ ಸುಮ್ಮನೆ ನಿಂತಿರುತ್ತದೆ. ಎಲ್ಲ ತಂತಿ ಬಿಚ್ಚಿದರೆ ಕುದುರೆ ನಡೆದೇಬಿಡುತ್ತದೆ! ಮೊದಲೇ ಅದರ ಪಾದದ ಪಕ್ಕ ಸಣ್ಣ ಟೇಪು ಅಂಟಿಸಿ ಗುರುತು ಮಾಡಿಕೊಳ್ಳುವುದು ಜಾಣತನ.

ಹಳೆಯ ತಂತಿಯನ್ನು ಪೂರ್ತಿ ಸಡಿಲಿಸಿದ ಮೇಲೆಯೇ ತೆಗೆಯಿರಿ. ಬಿಗಿಯಾಗಿರುವಾಗ ಕತ್ತರಿಸಿದರೆ ಅದು ಹಾವಿನ ಹಾಗೆ ಹಾರಿ ಬರುತ್ತದೆ, ಕಣ್ಣು ಹತ್ತಿರದಲ್ಲೇ ಇರುತ್ತದೆ. ಹೊಸ ತಂತಿಯನ್ನು ಗೂಟದ ತನಕ ಎಳೆದು, ಅಲ್ಲಿಂದ ಮುಂದೆ ಹತ್ತು ಹನ್ನೆರಡು ಸೆಂಟಿಮೀಟರ್ ಬಿಟ್ಟು, ಮೊದಲು ಚೂಪಾಗಿ ಮಡಚಿ, ಆಮೇಲೆ ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಹೊರಸುತ್ತು ಒಳಗಿನ ಎಳೆಯ ಮೇಲೆ ಸಡಿಲವಾಗಿ ತಿರುಗಿಕೊಳ್ಳುತ್ತದೆ, ಅಲ್ಲಿಗೆ ತಂತಿಯ ನಾದ ಮಂಕು. ತುದಿಯನ್ನು ಗೂಟದ ನಡುವಿನ ತೂತಿಗೆ ಇಳಿಸಿ, ಮೇಲಿಂದ ಕೆಳಕ್ಕೆ ಎರಡು ಮೂರು ಸುತ್ತು ಅಚ್ಚುಕಟ್ಟಾಗಿ ಬರಲಿ. ಒಂದರ ಮೇಲೊಂದು ಸುತ್ತು ಹತ್ತಬಾರದು. ಶ್ರುತಿಗೆ ತಂದ ಮೇಲೆ ತಂತಿಯನ್ನು ಮೆಲ್ಲಗೆ ಎಳೆದು ಮತ್ತೆ ಶ್ರುತಿ, ಮತ್ತೆ ಎಳೆದು ಮತ್ತೆ ಶ್ರುತಿ. ಮೂರು ನಾಲ್ಕು ಸಲ ಆದರೆ ನಿಲ್ಲುತ್ತದೆ. ಕುದುರೆಯ ಹತ್ತಿರ ಮತ್ತು ನಟ್ ಹತ್ತಿರ ತಂತಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ಕೂರಿಸಿ. ಬೇಸ್ ತಂತಿ ದಪ್ಪ, ತಾನಾಗಿ ಮೂಲೆಯಲ್ಲಿ ಬಾಗುವುದಿಲ್ಲ, ಕಮಾನಿನ ಹಾಗೆ ನಿಲ್ಲುತ್ತದೆ. ಈ ಎರಡು ಸೆಕೆಂಡಿನ ಒತ್ತುವಿಕೆಯಿಂದ ಎಷ್ಟೋ ಸಲ ಶ್ರುತಿಯ ಅರ್ಧ ತಕರಾರು ಮುಗಿಯುತ್ತದೆ.

ಶ್ರುತಿಗೆ ಮೊಬೈಲ್ ಸಾಕು. ಆದರೆ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಅಷ್ಟು ಮಂದ್ರವನ್ನು ಮೊಬೈಲಿನ ಮೈಕು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಹನ್ನೆರಡನೆಯ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದರೆ ಅದರ ಇಮ್ಮಡಿ, 82, ಘಂಟೆಯ ಹಾಗೆ ಬರುತ್ತದೆ. ಅದನ್ನು ಕೇಳಿಸಿ. ಕತ್ತಿಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಕತ್ತು. ನಾಲ್ಕು ತಂತಿಗಳು ಒಟ್ಟಿಗೆ ಎಳೆಯುವಾಗ ಮರದ ಕತ್ತು ಮುಂದಕ್ಕೆ ಬಾಗುತ್ತದೆ. ಅದಕ್ಕೆ ಎದುರಾಗಿ ಎಳೆಯಲು ಕತ್ತಿನೊಳಗೆ ಟ್ರಸ್ ರಾಡ್ ಅಂತ ಒಂದು ಉಕ್ಕಿನ ಸರಳು ಇರುತ್ತದೆ. ಕತ್ತು ಪೂರ್ತಿ ನೇರ ಇರಬಾರದು, ಚೂರು ಬಾಗು ಬೇಕು, ತಂತಿ ಬೀಸಲು ಜಾಗವಾಗುವಷ್ಟು. ಅಳೆಯುವುದು ಹೀಗೆ: ವಾದ್ಯವನ್ನು ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಇ ತಂತಿಯನ್ನು ಮೊದಲನೆಯ ಫ್ರೆಟ್‌ನಲ್ಲಿ ಒತ್ತಿ, ಕತ್ತು ಮೈಗೆ ಸೇರುವ ಕಡೆಯ ಫ್ರೆಟ್‌ನಲ್ಲೂ ಒತ್ತಿ. ಈಗ ಏಳು ಎಂಟನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಒಳ್ಳೆಯ ವಿಸಿಟಿಂಗ್ ಕಾರ್ಡು ಹೆಚ್ಚುಕಮ್ಮಿ ಅಷ್ಟೇ ದಪ್ಪ. ಕರಾರುವಾಕ್ಕಾಗಿ ಬೇಕೆಂದರೆ ಸ್ಕೂಟರ್ ಬಿಡಿಭಾಗದ ಅಂಗಡಿಯಲ್ಲಿ 'ಫಿಲ್ಲರ್ ಗೇಜ್' ಕೇಳಿ, ಮೆಕ್ಯಾನಿಕ್‌ಗಳು ಟ್ಯಾಪೆಟ್ ಅಳೆಯುವುದು ಅದರಲ್ಲೇ. ಸಂಗೀತದ ಅಂಗಡಿಗಿಂತ ಅಲ್ಲಿ ಅಗ್ಗ.

ಸಂದು ಹೆಚ್ಚಿದ್ದರೆ ಟ್ರಸ್ ರಾಡಿನ ತಲೆಯನ್ನು ಎದುರಿನಿಂದ ನೋಡುತ್ತಾ ಪ್ರದಕ್ಷಿಣೆಯಾಗಿ ತಿರುಗಿಸಿ, ಕಡಿಮೆಯಿದ್ದರೆ ಅಪ್ರದಕ್ಷಿಣೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಶ್ರುತಿ ಮಾಡಿ, ಚಹಾ ಕುಡಿದು ಬಂದು ಮತ್ತೆ ಅಳೆಯಿರಿ. ಮರಕ್ಕೆ ಅದರದ್ದೇ ಆದ ನಿಧಾನವಿದೆ. ಸರಿಯಾದ ಅಳತೆಯ ಎಲೆನ್ ಕೀ ಕಡ್ಡಾಯ. ಕೆಲವು ವಾದ್ಯಗಳಿಗೆ ಇಂಚಿನ ಅಳತೆ, ಕೆಲವಕ್ಕೆ ಮಿಲಿಮೀಟರ್. "ಸುಮಾರು ಕೂರುತ್ತದೆ" ಅಂತ ಬೇರೆಯದನ್ನು ಹಾಕಿ ತಿರುಗಿಸಿದರೆ ಒಳಗಿನ ಅಂಚು ಸವೆದು ಹೋಗುತ್ತದೆ, ಆಮೇಲಿನ ಖರ್ಚು ದೊಡ್ಡದು. ಜೋರು ಮಾಡಿದರೂ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಕತ್ತು ಸರಿಯಾದ ಮೇಲೆ ಎತ್ತರ. ತಂತಿಗಳು ಕೂರುವ ಸ್ಯಾಡಲ್‌ಗಳಲ್ಲಿ ಸಣ್ಣ ತಿರುಪುಗಳಿವೆ. ಹನ್ನೆರಡನೆಯ ಫ್ರೆಟ್ ಮೇಲೆ ಸ್ಟೀಲ್ ಅಡಿಪಟ್ಟಿ ನಿಲ್ಲಿಸಿ ಫ್ರೆಟ್‌ನ ತಲೆಯಿಂದ ತಂತಿಯ ಕೆಳಅಂಚಿನ ತನಕ ಅಳೆಯಿರಿ. ಇ ತಂತಿಗೆ ಎರಡೂವರೆ ಮಿಲಿಮೀಟರ್, ಜಿ ತಂತಿಗೆ ಎರಡು, ಇದು ಆರಂಭಕ್ಕೆ ಒಳ್ಳೆಯ ಅಳತೆ. ಆಮೇಲೆ ನಿಮ್ಮ ಕೈಗೆ ತಕ್ಕ ಹಾಗೆ. ಮೆಲ್ಲಗೆ ಮೀಟುವವರು ಇನ್ನೂ ಇಳಿಸಬಹುದು. ಬಡಿದು ನುಡಿಸುವವರು ಏರಿಸಲೇಬೇಕು, ಶಾರ್ಟ್ ಸ್ಕೇಲಿನ ಸಡಿಲ ತಂತಿ ಹೆಚ್ಚು ಬೀಸುತ್ತದೆ ಅಂತ ಮೊದಲೇ ಹೇಳಿದೆನಲ್ಲ. ಆಂಪ್ಲಿಫೈಯರ್‌ನಲ್ಲಿ ಕೇಳದ ಸಣ್ಣ ಕರಕರಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೊನೆಗೆ ಸ್ವರಶುದ್ಧಿ, ಇಂಟೊನೇಷನ್. ಹನ್ನೆರಡನೆಯ ಫ್ರೆಟ್ ಮೇಲೆ ಮುಟ್ಟಿ ಮೀಟಿದ ಸ್ವರವೂ ಅಲ್ಲೇ ಒತ್ತಿ ಮೀಟಿದ ಸ್ವರವೂ ಒಂದೇ ಇರಬೇಕು. ಒತ್ತಿದ್ದು ಮೇಲಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಿ, ಕೆಳಗಿದ್ದರೆ ಮುಂದಕ್ಕೆ. ಹಳೆಯ ತಂತಿಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ಅದು ಎಂದೂ ಕೂಡುವುದಿಲ್ಲ. ಶಾರ್ಟ್ ಸ್ಕೇಲಿನಲ್ಲಿ ಇ ತಂತಿಯ ಸ್ಯಾಡಲ್ ತೀರಾ ಹಿಂದಕ್ಕೆ ಹೋಗಬೇಕಾಗುತ್ತದೆ. ಕೆಲವೊಮ್ಮೆ ಜಾಗವೇ ಮುಗಿದು ಹೋಗುತ್ತದೆ. ಆಗ ಒಂದು ಅಳತೆ ತೆಳು ಇ ತಂತಿ ಹಾಕುವುದು ದಾರಿ. ಅಗ್ಗದ ಕೆಲವು ಮಾದರಿಗಳಲ್ಲಿ ಎರಡೆರಡು ತಂತಿಗೆ ಒಂದೇ ಸ್ಯಾಡಲ್ ಇರುತ್ತದೆ. ಅಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಬೇಸರವಾಗುವ ರಾಜಿಯೇ ಗತಿ, ಸೊಸೈಟಿ ಮೀಟಿಂಗಿನ ಹಾಗೆ. ಹಾಫ್ನರ್ ಕುದುರೆಯಲ್ಲಿ ಫ್ರೆಟ್ ತಂತಿಯ ಚೂರುಗಳನ್ನು ಒಂದು ಕೊರಕಿನಿಂದ ಇನ್ನೊಂದಕ್ಕೆ ಸರಿಸುವ ಏರ್ಪಾಡು, ನೋಡಲು ಚೆಂದ.

ಅಲ್ಲಿಗೆ ಮುಗಿಯಿತು. ನಟ್‌ನ ಕೊರಕನ್ನು ಅರದಿಂದ ಉಜ್ಜುವುದು, ಫ್ರೆಟ್ ಸಮತಟ್ಟು ಮಾಡುವುದು, ಕತ್ತು ಬಿಚ್ಚಿ ಕೂಡಿಸುವುದು, ಇವನ್ನು ಬಲ್ಲವರಿಗೇ ಬಿಡಿ. ಸರಿಸಿದ್ದನ್ನು ಮತ್ತೆ ಹಿಂದಕ್ಕೆ ಸರಿಸಬಹುದು, ಉಜ್ಜಿದ್ದನ್ನು ಮತ್ತೆ ಹಚ್ಚಲಾಗದು. ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ಇದಕ್ಕಿಂತ ಸುಲಭದ ಸೂತ್ರ ನನಗೆ ಗೊತ್ತಿಲ್ಲ.

ಈ ಗೆರೆ ನಮ್ಮವರಿಗೆ ಹೊಸದೇನಲ್ಲ. ಮಾಟುಂಗಾದ ಕಛೇರಿಗಳಿಗೆ ಹೋಗುವವರು ನೋಡಿರುತ್ತೀರಿ. ತಂಬೂರಿಯವರು ಕುದುರೆಯ ಮೇಲೆ ತಂತಿಯ ಕೆಳಗಿನ ಜೀವಾಳದ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಝೇಂಕಾರ ಕಟ್ಟಿದ ಮೇಲೆಯೇ ಗಾಯಕರ ಕಡೆ ನೋಡುತ್ತಾರೆ. ಅದಕ್ಕಾಗಿ ಯಾರೂ ಅಂಗಡಿಗೆ ಓಡುವುದಿಲ್ಲ. ಅದೇ ವೀಣೆಗೆ ಮೇಣದಲ್ಲಿ ಮೆಟ್ಟಿಲು ಕೂರಿಸಿ ಮೇಳ ಕಟ್ಟುವುದಿದ್ದರೆ ಕುಶಲಕರ್ಮಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಜೀವಾಳ ನುಡಿಸುವವನದು, ಮೇಳ ಕಟ್ಟುವುದು ಕುಶಲಕರ್ಮಿಯದು. ನಮ್ಮ ಅಜ್ಜಂದಿರಿಗೆ ಗೊತ್ತಿದ್ದ ಈ ಹಂಚಿಕೆ ಗಿಟಾರಿನ ವಿಷಯದಲ್ಲಿ ಮಾತ್ರ ಯಾಕೆ ಮರೆತುಹೋಯಿತು? ಶ್ರುತಿ ಮಾಡಿಕೊಳ್ಳಲು ಬಾರದ ಶಿಷ್ಯನಿಗೆ ಗುರುಗಳು ವರ್ಣ ಹೇಳಿಕೊಡುತ್ತಿದ್ದರೇ?

"ದುಡ್ಡು ಕೊಟ್ಟರೆ ಅಂಗಡಿಯವನು ಮಾಡುತ್ತಾನೆ, ನಮಗೇಕೆ ಈ ಉಸಾಬರಿ" ಅನ್ನುವವರಿದ್ದಾರೆ. ಒಳ್ಳೆಯ ಕೆಲಸಗಾರರು ಈ ಊರಲ್ಲಿ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಮುಂಬಯಿಯ ಹವೆ ವರ್ಷಕ್ಕೊಮ್ಮೆ ಬದಲಾಗುವುದಲ್ಲ. ಜುಲೈ ಬಂತೆಂದರೆ ಮರ ನೀರು ಹೀರಿ ಉಬ್ಬುತ್ತದೆ, ನನ್ನ ಬೇಸಿನ ಕತ್ತಿನ ಬಾಗು ಹೆಚ್ಚುತ್ತದೆ. ಜನವರಿಯಲ್ಲಿ ಒಣಗಿ ನೇರವಾಗುತ್ತದೆ, ಕರಕರ ಶುರು. ಪ್ರತಿ ಸಲ ಲೋಕಲ್ ಹತ್ತಿಕೊಂಡು, ವಾರ ಬಿಟ್ಟು ಮತ್ತೆ ಹೋಗಿ ತರುವುದೇ? ಕಾಲು ಸುತ್ತಿನ ಕೆಲಸಕ್ಕೆ? ಅಲ್ಲದೆ ಅಂಗಡಿಯವನಿಗೆ ನಿಮ್ಮ ಕೈ ಗೊತ್ತಿಲ್ಲ. ನೀವು ಮೆಲ್ಲಗೆ ಮೀಟುತ್ತೀರೋ ಬಡಿಯುತ್ತೀರೋ ಅವನೇನು ಬಲ್ಲ? ಅವನು ಪುಸ್ತಕದ ಅಳತೆಗೆ ಇಟ್ಟುಕೊಡುತ್ತಾನೆ, ಉಳಿದದ್ದು ನಿಮ್ಮದೇ.

ಇನ್ನೊಂದು ಆಕ್ಷೇಪ ಸ್ವಲ್ಪ ತೂಕದ್ದು. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಬದಲಿಸುವುದೇ ಅಪರೂಪವಾಗಿತ್ತು, ಅವರ ವಾದ್ಯದಲ್ಲಿ ತಂತಿ ಎತ್ತರದಲ್ಲೇ ಇತ್ತು. ಆದರೂ ಅವರ ಹಾಗೆ ನುಡಿಸಿದವರು ಕಡಿಮೆ. ಹಾಗಾದರೆ ಇದೆಲ್ಲ ಯಾಕೆ? ನಿಜ. ಆದರೆ ಜೇಮರ್ಸನ್ ದಪ್ಪ ಫ್ಲಾಟ್ ವೂಂಡ್ ತಂತಿಯನ್ನು ತಮ್ಮ ಕೈಗೂ ತಮಗೆ ಬೇಕಾದ ನಾದಕ್ಕೂ ಒಪ್ಪಿಸಿಕೊಂಡಿದ್ದರು. ಎತ್ತರದ ತಂತಿ ಅವರ ಆಯ್ಕೆ. ನಮ್ಮ ಪಕ್ಕದ ವಿಂಗಿನ ಹುಡುಗಿಗೆ ನಾಲ್ಕೂವರೆ ಮಿಲಿಮೀಟರ್ ಅವಳ ಆಯ್ಕೆಯಾಗಿರಲಿಲ್ಲ, ಯಾರದೋ ಉದಾಸೀನವಾಗಿತ್ತು. ಬೇರೆ ಸಾಧ್ಯವಿದೆ ಅಂತ ಗೊತ್ತಿದ್ದೂ ಎತ್ತರ ಇಟ್ಟುಕೊಂಡರೆ ಅದು ಶೈಲಿ. ಗೊತ್ತಿಲ್ಲದೆ ನರಳಿದರೆ ಅದು ಶಿಕ್ಷೆ.

ಖರ್ಚಿನ ಮಾತು. ಬೇಸ್ ತಂತಿ ಸಾಮಾನ್ಯ ಗಿಟಾರ್ ತಂತಿಗಿಂತ ಎಷ್ಟೋ ಪಟ್ಟು ದುಬಾರಿ, ಶಾರ್ಟ್ ಸ್ಕೇಲಿನದು ಎಲ್ಲ ಅಂಗಡಿಗಳಲ್ಲಿ ಸಿಗುವುದೂ ಇಲ್ಲ, ತರಿಸಬೇಕು. ಹಾಗಾಗಿ ಉಳಿಸಿಕೊಳ್ಳುವುದು ಮುಖ್ಯ. ನುಡಿಸಿದ ಮೇಲೆ ಹಳೆಯ ಪಂಚೆಯ ತುಂಡಿನಿಂದ ತಂತಿಯ ಮೇಲೂ ಕೆಳಗೂ ಒರೆಸಿ. ನಮ್ಮ ಬೆವರು, ಸಮುದ್ರದ ಗಾಳಿ ಎರಡೂ ಸೇರಿದರೆ ತುಕ್ಕಿಗೆ ಇನ್ನೇನು ಬೇಕು? ರೌಂಡ್ ವೂಂಡ್ ತಂತಿ ಮಂಕಾದರೆ ಬಿಚ್ಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ ಪೂರ್ತಿ ಒಣಗಿಸಿ ಹಾಕಿದರೆ ಕೆಲವು ದಿನ ಮತ್ತೆ ಜೀವ ಬರುತ್ತದೆ. ಎಷ್ಟೋ ಬೇಸಿಸ್ಟ್‌ಗಳು ಮಾಡುವ ಹಳೆಯ ಉಪಾಯ ಇದು. (ಸಾರಿನ ಪಾತ್ರೆ ಮುಟ್ಟಬೇಡಿ, ಮನೆಯಲ್ಲಿ ಬೇರೆಯೇ ಕಚೇರಿ ಶುರುವಾದೀತು!)

ಕಡೆಯದಾಗಿ ಮೂವರಿಗೆ ಮೂರು ಮಾತು. ಕಲಿಸುವ ಮೇಷ್ಟ್ರುಗಳೇ, ಮೊದಲ ತಿಂಗಳಲ್ಲೇ ಒಂದು ಪಾಠ ತಂತಿ ಬದಲಿಸುವುದಕ್ಕೆ ಮೀಸಲಿಡಿ. "ನಿನ್ನ ಬೆರಳಿಗೆ ಶಕ್ತಿಯಿಲ್ಲ" ಅನ್ನುವ ಮೊದಲು ಅಡಿಪಟ್ಟಿ ಹಿಡಿದು ಹನ್ನೆರಡನೆಯ ಫ್ರೆಟ್ ನೋಡಿ. ಅಂಗಡಿಯವರೇ, 30ಕ್ಕೂ 34ಕ್ಕೂ ಇರುವ ವ್ಯತ್ಯಾಸವನ್ನು "ಎಲ್ಲಾ ಒಂದೇ" ಅಂತ ಹಾರಿಸಬೇಡಿ. ಅಪ್ಪ ಅಮ್ಮಂದಿರೇ, ಮಗುವಿಗೆ ಬೇಸ್ ಕೊಡಿಸುವಾಗ ಎರಡೇ ಪ್ರಶ್ನೆ ಕೇಳಿ: ಇದರ ಸ್ಕೇಲ್ ಎಷ್ಟು, ಹಾಕಿರುವ ತಂತಿ ಅದಕ್ಕೆ ತಕ್ಕದ್ದೇ? ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಮಾಳಿಗೆಯ ಮೇಲೆ ಯಾರದಾದರೂ ಬೇಸ್ ಇದ್ದರೆ ಈ ಭಾನುವಾರ ಇಳಿಸಿ, ಧೂಳು ಕೊಡವಿ, ಒಂದು ಅಡಿಪಟ್ಟಿ ಹಿಡಿಯಿರಿ. ಅಳತೆಗಳೆಲ್ಲ ಸರಿಯಾದ ಮೇಲೂ ನುಡಿಸಲು ಆಗದಿದ್ದರೆ ಆಗ ಬೇಕಾದರೆ ಬೆರಳನ್ನು ಬೈಯೋಣ. ಅಲ್ಲಿಯ ತನಕ ಬಡಪಾಯಿ ಬೆರಳು ನಿರಪರಾಧಿ.